ಎಲೆ ಒರೆಸಿದ ಬಟ್ಟೆ ಗಾಳಿಯ ವಿಷ ತೋರಿಸುವುದಿಲ್ಲ

"ಮನೆ ಮುಂದಿನ ಹೊಂಗೆ ಎಲೆಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ. ಕಪ್ಪಾದರೆ ನಿಮ್ಮ ಬೀದಿಯ ಗಾಳಿಯಲ್ಲಿ ಕ್ಯಾನ್ಸರ್ ತರುವ ರಾಸಾಯನಿಕ ಇದೆ." ಈ ಮೆಸೇಜ್ ಬೆಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದನ್ನು ನಂಬಬೇಡಿ.

ಎಲೆಯಿಂದ ಗಾಳಿಯ ಮಾಲಿನ್ಯ ತಿಳಿಯಬಹುದು, ಅದು ನಿಜ. ಆದರೆ ಬಟ್ಟೆಗೆ ಅಂಟುವುದು ಹೆಚ್ಚಾಗಿ ರಸ್ತೆಯ ಧೂಳು, ಹೊಗೆಯ ಮಸಿ. ಡೀಸೆಲ್, ಸೌದೆ, ಕಸ ಪೂರ್ತಿ ಉರಿಯದಿದ್ದಾಗ ಹುಟ್ಟುವ ಪಿಎಎಚ್ (ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್) ಗುಂಪಿನ ರಾಸಾಯನಿಕಗಳು ಬೇರೆ; ಕ್ಯಾನ್ಸರ್ ತರಬಲ್ಲವೂ ಈ ಗುಂಪಿನಲ್ಲಿವೆ. ಕೆಲವು ಮಸಿಗೆ ಅಂಟಿಕೊಂಡು ಬರುತ್ತವೆ. ಹಗುರವಾದವು ಅನಿಲವಾಗಿ ಬಂದು ಎಲೆಯ ಮೇಲಿನ ಮೇಣದಲ್ಲಿ ಸೇರಿಕೊಳ್ಳುತ್ತವೆ. ತಳತಳ ಹೊಳೆಯುವ ಎಲೆಯಲ್ಲೂ ಅವು ಇರಬಹುದು! ಅವನ್ನು ಲ್ಯಾಬ್‌ನಲ್ಲಿ ದ್ರಾವಕದಿಂದ ಹೊರತೆಗೆದು ರಾಸಾಯನಿಕಗಳನ್ನು ಒಂದೊಂದಾಗಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಯಂಥ ವಿಧಾನದಿಂದ ಅಳೆಯಬೇಕು.

ಲ್ಯಾಬ್‌ನಲ್ಲಿ ಅಳೆಯುವಾಗಲೂ ಯಾವ ಎಲೆ ಎಂಬುದು ಮುಖ್ಯ. ಹೊಂಗೆ ಯುಗಾದಿ ಹೊತ್ತಿಗೆ ಹೊಸ ಎಲೆ ಬಿಡುತ್ತದೆ. ಆ ಎಳೆ ಎಲೆಯನ್ನು ಡಿಸೆಂಬರ್‌ನ ಬಲಿತ ಎಲೆಯ ಜೊತೆ ಹೋಲಿಸಿ ಏನು ಪ್ರಯೋಜನ, ಅಲ್ವಾ? ಸಿಲ್ಕ್ ಬೋರ್ಡ್, ಕಬ್ಬನ್ ಪಾರ್ಕ್ ನಡುವಿನ ವ್ಯತ್ಯಾಸ ತಿಳಿಯಲು ಒಂದೇ ಜಾತಿಯ ಮರ, ಒಂದೇ ವಯಸ್ಸಿನ ಎಲೆ ಬೇಕು.

ಇನ್ನು ಸುರಕ್ಷತೆಯ ಮಿತಿ. 2009ರ ರಾಷ್ಟ್ರೀಯ ಮಾನದಂಡದಂತೆ ಗಾಳಿಯಲ್ಲಿ ಪಿಎಎಚ್ ಗುಂಪಿನ ಬೆಂಜೊಪೈರೀನ್‌ನ ವಾರ್ಷಿಕ ಸರಾಸರಿ ಘನ ಮೀಟರ್‌ಗೆ 1 ನ್ಯಾನೋಗ್ರಾಂ ದಾಟಬಾರದು. ಆ ಮಿತಿ ಗಾಳಿಗೆ, ಎಲೆಗಲ್ಲ. ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಿ ಸುಮ್ನೆ ಜನರನ್ನು ಹೆದರಿಸಬೇಡಿ.