ಸತ್ಯಾಂಶ: ಐಸ್ ಹಾಕಿದರೆ ಡ್ಯಾಫೋಡಿಲ್ ಅರಳುತ್ತಾ?

ಕುಂಡಕ್ಕೆ ದಿನಾ ನಾಲ್ಕು ಐಸ್ ಕ್ಯೂಬ್ ಹಾಕಿದರೆ ಬೆಂಗಳೂರಿನಲ್ಲೂ ವರ್ಷ ವರ್ಷ ಡ್ಯಾಫೋಡಿಲ್ ಅರಳುತ್ತದೆ. ಚಳಿಗಾಲ ಬಂದರೆ ವಾಟ್ಸಾಪ್‌ನಲ್ಲಿ ಸುತ್ತುವ ಮಾತಿದು. ಹಾಗಾಗುವುದಿಲ್ಲ.

ಈ ಹೂವಿಗೆ ಚಳಿ ಬೇಕು ಅನ್ನುವುದು ನಿಜವೇ. ನಂಬಿದವರ ತಪ್ಪೇನಿಲ್ಲ. ಆದರೆ ಸಾಮಾನ್ಯ ಹಳದಿ ತಳಿಗಳ ಗೆಡ್ಡೆಗೆ ಸುಮಾರು 12ರಿಂದ 16 ವಾರ, 9 ಡಿಗ್ರಿಗಿಂತ ಕಡಿಮೆ ಚಳಿ ಬಿಡದೆ ಸಿಗಬೇಕು. ನಮ್ಮಲ್ಲಿ ಜನವರಿ ರಾತ್ರಿಯೂ 15 ಡಿಗ್ರಿ ಆಸುಪಾಸು. ಊರಿನ ದಾಖಲೆ ಚಳಿ 7.8 ಡಿಗ್ರಿ, ಅದೂ 1884ರಲ್ಲಿ! ಐಸ್ ಬೇಗ ಕರಗುತ್ತದೆ, ಉಳಿಯುವುದು ನೀರು. ನೀರು ಜಾಸ್ತಿಯಾದರೆ ಗೆಡ್ಡೆ ಕೊಳೆಯುತ್ತದೆ.

ನೀವೇ ನೋಡಬಹುದು. ಐಸ್ ಹಾಕಿ, ಎರಡು ಗಂಟೆ ಬಿಟ್ಟು ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ. ಆ ಮೆಸೇಜ್‌ನಲ್ಲಿ ಫೋಟೊ ಇದ್ದರೆ ಗೂಗಲ್ ಲೆನ್ಸ್‌ಗೆ ಹಾಕಿ, ಮೊದಲು ಯಾವ ದೇಶದ ತೋಟದಲ್ಲಿ ಕಂಡಿದ್ದು ಅಂತ ಹುಡುಕಿ. ತಳಿಯ ಹೆಸರು, ತಿಂಗಳು ಯಾವುದೂ ಇಲ್ಲದ ಸಲಹೆಯನ್ನು ಸುಮ್ನೆ ಮುಂದೆ ಕಳಿಸಬೇಡಿ.

ಆಸೆ ಇದ್ದರೆ ಗೆಡ್ಡೆಯನ್ನು ಕಾಗದದ ಚೀಲದಲ್ಲಿ ಅಷ್ಟೂ ವಾರ ಫ್ರಿಜ್‌ನಲ್ಲಿಟ್ಟು, ಆಮೇಲೆ ನೆಡಿ. ಸೇಬು, ಬಾಳೆಹಣ್ಣು ಹತ್ತಿರ ಬೇಡ, ಅವು ಬಿಡುವ ಎಥಿಲೀನ್ ಅನಿಲಕ್ಕೆ ಒಳಗಿನ ಮೊಗ್ಗು ಹಾಳಾಗುತ್ತದೆ. ಚೀಲದ ಮೇಲೆ ಹೆಸರು ಬರೆಯಿರಿ. ನೋಡಲು ಈರುಳ್ಳಿಯಂತಿದ್ದರೂ ಈ ಗೆಡ್ಡೆ ವಿಷ, ತಿಂದರೆ ವಾಂತಿ ಗ್ಯಾರಂಟಿ. ಇಷ್ಟೆಲ್ಲ ರಗಳೆ ಬೇಡ ಅಂದರೆ ಪೇಪರ್‌ವೈಟ್ ಅನ್ನುವ ಡ್ಯಾಫೋಡಿಲ್ ತಳಿ ತನ್ನಿ, ಅದಕ್ಕೆ ಫ್ರಿಜ್ ಬೇಕಿಲ್ಲ.