ಯಾರದೋ ದುಡ್ಡು, ಲಾಸ್ ವೇಗಸ್ ಜಾತ್ರೆ

ಅಮೆರಿಕದ ಬೇಸ್‌ಬಾಲ್ ಪಂದ್ಯ ನೋಡುವಾಗ ಟಿ.ವಿ. ಪರದೆಯ ಮೂಲೆಯಲ್ಲಿ ರನ್ ಲೆಕ್ಕ ತೋರಿಸುವ ಪುಟ್ಟ ಚೌಕವೊಂದಿರುತ್ತದೆ. ಅದರಲ್ಲಿ ಪ್ರತಿ ತಂಡಕ್ಕೂ ಅದರ ಊರಿನದೋ ರಾಜ್ಯದ್ದೋ ಹೆಸರಿನ ಎರಡು ಮೂರು ಅಕ್ಷರ. ನಮ್ಮ ತಂಡದ ಮುಂದೆ 'ಓಎಕೆ' ಎಂದಿರುತ್ತಿತ್ತು, ಕ್ಯಾಲಿಫೋರ್ನಿಯಾದ ಓಕ್ಲಂಡ್ ಎಂದು ಓದಿಕೊಳ್ಳುತ್ತಿದ್ದೆವು. 2025ರಿಂದ 'ಎಟಿಎಚ್' ಎಂದು ಬರುತ್ತಿದೆ. ಬರೀ ಅಥ್ಲೆಟಿಕ್ಸ್, ತಂಡದ ಹೆಸರಷ್ಟೇ. ಎಲ್ಲಿಯ ಅಥ್ಲೆಟಿಕ್ಸ್ ಎಂದು ಕೇಳಬೇಡಿ. ಓಕ್ಲಂಡನ್ನು ಬಿಟ್ಟಾಗಿದೆ, ಲಾಸ್ ವೇಗಸ್ ಇನ್ನೂ ಸಿಕ್ಕಿಲ್ಲ, ನಡುವೆ ಜಾಗ ಕೊಟ್ಟ ಸ್ಯಾಕ್ರಮೆಂಟೊದ ಹೆಸರಿಟ್ಟುಕೊಳ್ಳಲು ಮಾಲೀಕರಿಗೆ ಮನಸ್ಸಿಲ್ಲ.

ಸ್ಥಾವರವನ್ನು ತೊರೆದು ಹೀಗೆ ಜಂಗಮವಾಗುವ ಭಾಗ್ಯ ಎಷ್ಟು ತಂಡಗಳಿಗೆ ಸಿಕ್ಕೀತು? ಮಾಲೀಕ ಜಾನ್ ಫಿಶರ್ ಅವರಿಗೆ ಮೊದಲು ನಮಸ್ಕಾರ. ಗ್ಯಾಪ್ ಬಟ್ಟೆ ಅಂಗಡಿಗಳನ್ನು ಕಟ್ಟಿದ ದಂಪತಿಗೆ ಮಗನಾಗಿ ಹುಟ್ಟುವ ಕಷ್ಟವನ್ನು ತಾವೇ ಸ್ವತಃ ಪಟ್ಟು ಮೇಲೆ ಬಂದವರು ಅವರು. 'ಓಕ್ಲಂಡಿನಲ್ಲೇ ಬೇರೂರಿದವರು' ಎಂದು ತಂಡ ವರ್ಷಗಟ್ಟಲೆ ಜಾಹೀರಾತು ಹಾಕಿಸಿಕೊಂಡಿತ್ತು. ಆ ಬೇರನ್ನು ಕಿತ್ತು, ತೊಳೆದು, ಹರಾಜಿಗಿಟ್ಟ ಧೈರ್ಯಕ್ಕಾದರೂ ಮೆಚ್ಚುಗೆ ಸಲ್ಲಬೇಕು.

ಈಗ ಆಡುತ್ತಿರುವುದು ವೆಸ್ಟ್ ಸ್ಯಾಕ್ರಮೆಂಟೊದ ಮೈನರ್ ಲೀಗ್ ಮೈದಾನದಲ್ಲಿ, ಅಂದರೆ ಕೆಳದರ್ಜೆಯ ತಂಡಗಳಿಗೆಂದು ಕಟ್ಟಿದ್ದರಲ್ಲಿ. ಸುಮಾರು 14,000 ಜನ ಹಿಡಿಸುತ್ತಾರೆ. ಆಟಗಾರರ ಕೊಠಡಿ ಇರುವುದು ಔಟ್‌ಫೀಲ್ಡ್ ಗೋಡೆಯ ಆಚೆ. ಪಂದ್ಯದ ಮಧ್ಯೆ ಹೊರಬಿದ್ದ ಪಿಚರ್, ಅಂದರೆ ಚೆಂಡೆಸೆಯುವವ, ಸ್ನಾನಕ್ಕೆ ಹೋಗಬೇಕೆಂದರೆ ಅಷ್ಟೂ ಜನರ ಕಣ್ಣೆದುರಿಗೇ ಹುಲ್ಲಿನ ಮೇಲೆ ನಡೆದು ಹೋಗಬೇಕು. ಅಂಗಿಯ ಒಂದು ತೋಳಿನ ಮೇಲೆ ಸ್ಯಾಕ್ರಮೆಂಟೊದ ಸೇತುವೆಯ ಚಿತ್ರ, ಇನ್ನೊಂದು ತೋಳಿನ ಮೇಲೆ ಲಾಸ್ ವೇಗಸ್‌ನ ಜಾಹೀರಾತು. ಎದೆಯ ಮೇಲೆ ಮಾತ್ರ ಊರಿಲ್ಲ.

ಅದೇ 2025ರಲ್ಲಿ ಟ್ಯಾಂಪಾ ಬೇ ರೇಸ್ ತಂಡವೂ ಇಂಥದೇ ಚಿಕ್ಕ ಮೈದಾನದಲ್ಲಿ ಆಡಿತು ಎಂದು ಕೆಲವರು ನೆನಪಿಸುತ್ತಾರೆ. ನಿಜ. ಆದರೆ ಅವರ ಟ್ರಾಪಿಕಾನಾ ಫೀಲ್ಡ್‌ನ ಛಾವಣಿಯನ್ನು ಮಿಲ್ಟನ್ ಚಂಡಮಾರುತ ಹರಿದು ಹಾಕಿತ್ತು, 2024ರ ಅಕ್ಟೋಬರ್ 9ರ ರಾತ್ರಿ. ತಮಾಷೆ ನೋಡಿ, ಅದೇ ಅಕ್ಟೋಬರ್ 9ರ ನಸುಕಿನಲ್ಲಿ ಲಾಸ್ ವೇಗಸ್‌ನ ಟ್ರಾಪಿಕಾನಾ ಹೋಟೆಲನ್ನು ಸಿಡಿಮದ್ದಿಟ್ಟು ಕೆಡವಿದರು, ನಮ್ಮ ತಂಡದ ಹೊಸ ಕ್ರೀಡಾಂಗಣಕ್ಕೆ ಜಾಗ ಮಾಡಿಕೊಡಲು. ಒಂದೇ ದಿನ ಎರಡು ಟ್ರಾಪಿಕಾನಾ ಬಿದ್ದವು. ಬಿರುಗಾಳಿಯನ್ನು ಯಾರೂ ಕರೆದಿರಲಿಲ್ಲ. ಹೋಟೆಲಿನದಕ್ಕೆ ಪಟಾಕಿ, ಡ್ರೋನ್ ಪ್ರದರ್ಶನ ಎಲ್ಲ ಇತ್ತು.

ಈ ತಂಡಕ್ಕೆ ಅಲೆಮಾರಿತನ ಹೊಸದೇನಲ್ಲ ಎಂಬುದನ್ನೂ ಹೇಳಿಬಿಡಬೇಕು. 1901ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾಗಿ, 1955ರಲ್ಲಿ ಕ್ಯಾನ್ಸಸ್ ಸಿಟಿಗೆ ಹೋಗಿ, 1968ರಲ್ಲಿ ಓಕ್ಲಂಡಿಗೆ ಬಂತು. ಕರೆತಂದವರು ಚಾರ್ಲಿ ಫಿನ್ಲಿ ಎಂಬ ಮಹಾನುಭಾವರು. ಹೇಸರಗತ್ತೆಯೊಂದಕ್ಕೆ ತಮ್ಮದೇ ಹೆಸರಿಟ್ಟು ತಂಡದ ಲಾಂಛನ ಮಾಡಿಕೊಂಡು ಊರೂರು ಮೆರೆಸಿದವರು. 1972ರಲ್ಲಿ ಮೀಸೆ ಬಿಟ್ಟ ಆಟಗಾರರಿಗೆ ತಲಾ 300 ಡಾಲರ್ ಇನಾಮು ಕೊಟ್ಟವರು. ಇವರು ಕ್ಯಾನ್ಸಸ್ ಸಿಟಿ ಬಿಟ್ಟಾಗ ಮಿಸೌರಿಯ ಸೆನೆಟರ್ ಸ್ಟುವರ್ಟ್ ಸೈಮಿಂಗ್ಟನ್, ಹಿರೋಶಿಮಾದ ನಂತರ ಓಕ್ಲಂಡಿನಷ್ಟು ಅದೃಷ್ಟವಂತ ಊರು ಇನ್ನೊಂದಿಲ್ಲ ಎಂದು ಹರಸಿ ಕಳಿಸಿದರು. ಆದರೂ ಫಿನ್ಲಿ ಕಾಲದಲ್ಲಿ 1972, 73, 74, ಸತತ ಮೂರು ಸಲ ಬೇಸ್‌ಬಾಲಿನ ಮಹಾ ಪ್ರಶಸ್ತಿ ವರ್ಲ್ಡ್ ಸೀರೀಸ್ ಗೆದ್ದೆವು. ಹುಚ್ಚು ಮಾಲೀಕನನ್ನು ಸಹಿಸಿಕೊಳ್ಳಬಹುದು, ಗೆಲ್ಲುವ ಹುಚ್ಚೂ ಅವನಿಗಿದ್ದರೆ.

ಈಗಿನವರಿಗೆ ಆ ಹುಚ್ಚಿರಲಿಲ್ಲ. ಒಳ್ಳೆಯ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಸಾಗಿಸಿದರು, ಟಿಕೆಟ್ ದರ ಏರಿಸಿದರು, ಆಮೇಲೆ ಜನ ಬರುತ್ತಿಲ್ಲ ಎಂದು ಕಣ್ಣೀರು ಹಾಕಿದರು. 2023ರಲ್ಲಿ 112 ಪಂದ್ಯ ಸೋತೆವು. ಸೋಲು ನನಗೆ ಹೊಸದಲ್ಲ, ನಾನು ಆರ್‌ಸಿಬಿ ಅಭಿಮಾನಿಯೂ ಹೌದು. 'ಈ ಸಲ ಕಪ್ ನಮ್ದೇ' ಎಂದು 18ನೇ ಸಲ ಹೇಳಿದ ಮೇಲೆ ಕಪ್ ಕಂಡವರು ನಾವು. ಆದರೆ ಅಲ್ಲಿ ಸೋತದ್ದೆಲ್ಲ ಬೆಂಗಳೂರಿನ ಹೆಸರಿನಲ್ಲೇ. ಕಪ್ ಬರಲಿಲ್ಲವೆಂದು ಯಾರೂ ತಂಡವನ್ನು ಲಾರಿಗೆ ಹೇರಿಸಿ ಸಾಗಿಸಲಿಲ್ಲ.

ಲಾರಿ ಎಂದೆ. ಅದು ಅಲಂಕಾರದ ಮಾತಲ್ಲ. 1984ರ ಮಾರ್ಚ್‌ನ ಒಂದು ರಾತ್ರಿ ಬಾಲ್ಟಿಮೋರಿನ ಅಮೆರಿಕನ್ ಫುಟ್‌ಬಾಲ್ ತಂಡ ಕೋಲ್ಟ್ಸ್, ಹಿಮ ಬೀಳುತ್ತಿರುವಾಗ, ಮೇಫ್ಲವರ್ ಕಂಪನಿಯ ಲಾರಿಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಇಂಡಿಯಾನಾಪೊಲಿಸ್‌ಗೆ ಓಡಿಹೋಯಿತು. ಬೆಳಗಾದರೆ ಸರ್ಕಾರ ಎಲ್ಲಿ ತಂಡವನ್ನು ಸ್ವಾಧೀನಪಡಿಸಿಕೊಳ್ಳುತ್ತದೋ ಎಂಬ ಭಯ. ಊರಿನವರು ಎದ್ದು ಪತ್ರಿಕೆ ಬಿಡಿಸುವಷ್ಟರಲ್ಲಿ ಹೆಲ್ಮೆಟ್ಟೂ ಇಲ್ಲ, ತಂಡವೂ ಇಲ್ಲ. ಆಗಿನವರಿಗೆ ಕತ್ತಲೆಯಲ್ಲಿ ಓಡುವಷ್ಟು ನಾಚಿಕೆಯಾದರೂ ಇತ್ತು.

ಓಕ್ಲಂಡಿನ ಫುಟ್‌ಬಾಲ್ ತಂಡ ರೈಡರ್ಸ್‌ಗೆ ಅದೂ ಬೇಕಾಗಲಿಲ್ಲ. 1982ರಲ್ಲಿ ಲಾಸ್ ಏಂಜಲಿಸ್‌ಗೆ ಹೋದರು. 1995ರಲ್ಲಿ ಮರಳಿದರು. ಮರಳಿ ಬಂದ ಅಳಿಯನಿಗೆ ಮಂಚ ಸಾಲದೆಂದು ಊರೇ ಸಾಲ ಮಾಡಿ ಮನೆಯ ಮೇಲೆ ಮನೆ ಕಟ್ಟಿಸಿಕೊಟ್ಟಿತು: ಸುಮಾರು 20 ಕೋಟಿ ಡಾಲರ್ ಸಾಲ, ಎರಡೂ ತಂಡಗಳು ಆಡುತ್ತಿದ್ದ ಕೊಲಿಸಿಯಂ ಕ್ರೀಡಾಂಗಣದ ಒಂದು ಕಡೆಗೆ ಆಕಾಶಕ್ಕೆ ಏರಿದ ಸೀಟುಗಳ ಗೋಡೆ. ಮಾಲೀಕ ಆಲ್ ಡೇವಿಸ್ ಹೆಸರಿನಲ್ಲಿ ಜನ ಅದನ್ನು 'ಮೌಂಟ್ ಡೇವಿಸ್' ಎಂದು ಕರೆದರು. ಅದು ಎದ್ದು ನಿಂತ ದಿನದಿಂದ ಬೇಸ್‌ಬಾಲ್ ನೋಡುವವರಿಗೆ ಓಕ್ಲಂಡಿನ ಬೆಟ್ಟಗಳು ಕಾಣದಾದವು. ಆ ಸೀಟುಗಳಿಗೆ ಜನ ಬರಲಿಲ್ಲ. ಕೊನೆಗೆ ಟಾರ್ಪಾಲು ಹೊದಿಸಿ ಮುಚ್ಚಿದರು. ಸಾಲದ ಸೀಟು, ಅದರ ಮೇಲೆ ಟಾರ್ಪಾಲು, ಅದರ ಹಿಂದೆ ಬೆಟ್ಟ.

2017ರ ಮಾರ್ಚ್‌ನಲ್ಲಿ ಲೀಗಿನ ತಂಡಗಳ ಮಾಲೀಕರು 31-1 ಮತದಿಂದ ರೈಡರ್ಸ್ ಲಾಸ್ ವೇಗಸ್‌ಗೆ ಹೋಗಲಿ ಎಂದರು. ಅಲ್ಲಿ ಕ್ರೀಡಾಂಗಣ ಸಿದ್ಧವಿರಲಿಲ್ಲ. ಹಾಗಾಗಿ ಇನ್ನೂ ಮೂರು ಋತು ಓಕ್ಲಂಡಿನಲ್ಲೇ ಆಡಿದರು. ಬಿಟ್ಟು ಹೋಗುತ್ತೇನೆ ಎಂದು ಬರೆದುಕೊಟ್ಟವರು ಟಿಕೆಟ್ ಮಾರಿದರು, ಜನ ಕೊಂಡರು. ಮುಖಕ್ಕೆ ಬೆಳ್ಳಿ-ಕಪ್ಪು ಬಣ್ಣ, ಭುಜದ ಮೇಲೆ ಮೊಳೆಗಳ ಕವಚ, ಕೈಯಲ್ಲಿ ಪ್ಲಾಸ್ಟಿಕ್ ತಲೆಬುರುಡೆ. ಅಂಥ ವೇಷದವರು ಬಿಕ್ಕಿ ಬಿಕ್ಕಿ ಅಳುವುದನ್ನು ನೋಡಿದರೆ ನಗುವುದೋ ಅಳುವುದೋ ತಿಳಿಯುವುದಿಲ್ಲ. 2020ರಲ್ಲಿ ತಂಡ ಹೋಯಿತು. ಉಂಡೂ ಹೋದ, ಕೊಂಡೂ ಹೋದ. ಮೌಂಟ್ ಡೇವಿಸ್ ಸಾಲದ ಕಂತನ್ನು ಓಕ್ಲಂಡ್ ನಗರ ಮತ್ತು ಅಲಮೇಡಾ ಕೌಂಟಿಯ ಜನ ಆಮೇಲೂ ಕಟ್ಟುತ್ತಲೇ ಇದ್ದರು.

ಲಾಸ್ ವೇಗಸ್‌ನಲ್ಲಿ ರೈಡರ್ಸ್ ಕ್ರೀಡಾಂಗಣಕ್ಕೆ 75 ಕೋಟಿ ಡಾಲರ್ ಸಾರ್ವಜನಿಕ ಹಣ, ಹೋಟೆಲ್ ಕೊಠಡಿಗಳ ಮೇಲಿನ ತೆರಿಗೆಯಿಂದ. ಈಗ ಬೇಸ್‌ಬಾಲಿಗೆ ಇನ್ನೂ 38 ಕೋಟಿಯವರೆಗೆ. ಆ ಮಸೂದೆ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದ ಸೆನೆಟ್ ದಾಟಿದ್ದು 2023ರ ಜೂನ್ 13ರಂದು. ಅದೇ ಸಂಜೆ ಓಕ್ಲಂಡಿನಲ್ಲಿ ಅಭಿಮಾನಿಗಳು ವಿಚಿತ್ರ ಚಳವಳಿಯೊಂದನ್ನು ಮಾಡಿದರು: ಬಹಿಷ್ಕಾರದ ಬದಲು ಎಲ್ಲರೂ ಒಟ್ಟಿಗೆ ಪಂದ್ಯಕ್ಕೆ ಹೋಗುವುದು. ಜನ ಬರುವುದಿಲ್ಲ ಎನ್ನುತ್ತೀರಲ್ಲ, ತಗೊಳ್ಳಿ ಜನ. 27,759 ಮಂದಿ ಬಂದರು. 'ಮಾರಿಬಿಡು' ಎಂದು ಬರೆದ ಹಸಿರು ಅಂಗಿ ತೊಟ್ಟು ಮಾಲೀಕರಿಗೆ ಕೇಳುವಂತೆ ಕೂಗಿದರು. ತಂಡ ಕೂಡ ಹುಮ್ಮಸ್ಸಿಗೆ ಬಿದ್ದು 2-1ರಿಂದ ಗೆದ್ದಿತು. ಎರಡು ದಿನ ಬಿಟ್ಟು ನೆವಾಡಾ ರಾಜ್ಯಪಾಲರು ಮಸೂದೆಗೆ ಸಹಿ ಹಾಕಿದರು. ಬೇಸ್‌ಬಾಲ್ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್, ಒಂದು ರಾತ್ರಿಯ ಮಟ್ಟಿಗಾದರೂ ಲೀಗಿನ ಸರಾಸರಿಯ ಹತ್ತಿರಕ್ಕೆ ಜನ ಸೇರಿದ್ದು ಸಂತೋಷದ ವಿಷಯ ಎಂದರು.

ಇಲ್ಲಿ ನನ್ನ ವಿಡಂಬನೆ ಕೆಲಸ ಮಾಡುವುದಿಲ್ಲ. ಆ ಮನುಷ್ಯನ ಕೆಲಸವೇ ಆಟವನ್ನು ಕಾಯುವುದು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ನಮ್ಮ ತಂಡವನ್ನು ನಮಗೇ ಬಿಡಿ ಎಂದು ಬೇಡಿಕೊಳ್ಳಲು ಬಂದ ಜನರನ್ನು ನೋಡಿ ಅವರು ವ್ಯಂಗ್ಯವಾಡಿದರು. ನೆವಾಡಾದಲ್ಲಿ ಶಿಕ್ಷಕರ ಸಂಘದವರು, ಶಾಲೆಗಿಲ್ಲದ ಹಣ ಕ್ರೀಡಾಂಗಣಕ್ಕೆ ಎಲ್ಲಿಂದ ಬರುತ್ತದೆ, ಜನರ ಮತಕ್ಕೇ ಹಾಕಿ ಎಂದು ಅರ್ಜಿ ಹಿಡಿದು ಹೋದರು. ಅರ್ಜಿಯಲ್ಲಿ ಕಾನೂನಿನ ಪೂರ್ಣ ಪಾಠವಿಲ್ಲ, ವಿವರಣೆ ಸರಿಯಿಲ್ಲ ಎಂದು 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಕ್ರೀಡಾಂಗಣಕ್ಕೆ ಸುರಿದ ತೆರಿಗೆ ಹಣ ಊರಿಗೆ ವಾಪಸಾಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತಿದ್ದಾರೆ. ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ಜನ ಈ ಒಂದರಲ್ಲಿ ಹೆಚ್ಚುಕಡಿಮೆ ಒಮ್ಮತದಲ್ಲಿದ್ದಾರೆ. ಕೇಳುವವರು ಯಾರು? ಬರೆದು ಬರೆದು ಸಾಕಾಗಿದೆ.

ಓಕ್ಲಂಡಿನ ಹತ್ತಿರದ ಫ್ರೀಮಾಂಟ್ ಕಡೆಯ ನಮ್ಮವರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಇದೇ ತಂಡ ಫ್ರೀಮಾಂಟಿಗೇ ಬರುತ್ತೇನೆ ಎಂದಿತ್ತು. ಅದು ಕೈಬಿಟ್ಟಿತು. ಆಮೇಲೆ ಸ್ಯಾನ್ ಹೋಸೆ. ಅದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದ ಸರಹದ್ದು, ಅಲ್ಲಿಗೆ ಕಾಲಿಡುವಂತಿಲ್ಲ ಎಂದು ಲೀಗ್ ಅಡ್ಡ ಬಂತು. ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಸ್ಯಾನ್ ಹೋಸೆ ನಗರ ಕೋರ್ಟಿಗೆ ಹೋಯಿತು. 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೊಕದ್ದಮೆಯನ್ನು ಕೇಳಲೂ ಒಪ್ಪಲಿಲ್ಲ. ಏಕೆಂದರೆ 1922ರಲ್ಲಿ ಅದೇ ಕೋರ್ಟು, ಬೇಸ್‌ಬಾಲ್ ಅಂತರರಾಜ್ಯ ವ್ಯಾಪಾರವಲ್ಲ, ಹಾಗಾಗಿ ಆ ಕಾನೂನು ಅದಕ್ಕೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತ್ತು. ತಂಡಗಳು ರೈಲು ಹತ್ತಿ ರಾಜ್ಯದಿಂದ ರಾಜ್ಯಕ್ಕೆ ಹೋಗುವುದು ಆಟಕ್ಕೆ ಪ್ರಾಸಂಗಿಕ ಮಾತ್ರವಂತೆ. 1957ರಲ್ಲಿ ಫುಟ್‌ಬಾಲ್ ಅದೇ ರಿಯಾಯಿತಿ ಕೇಳಿದಾಗ, ಇಲ್ಲ, ನೀನು ವ್ಯಾಪಾರವೇ ಎಂದರು. ಒಂದೇ ಊರು, ಒಂದೇ ಕೊಲಿಸಿಯಂ. ಅದೇ ಮೈದಾನದಲ್ಲಿ ಭಾನುವಾರ ಫುಟ್‌ಬಾಲ್ ಆಡಿದರೆ ವ್ಯಾಪಾರ, ಸೋಮವಾರ ಬೇಸ್‌ಬಾಲ್ ಆಡಿದರೆ ಧರ್ಮಕಾರ್ಯ.

1969ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಿದಾಗ, ತಾನು ಕೊಂಡು ಮಾರುವ ಸೊತ್ತಲ್ಲ ಎಂದು ಕಮಿಷನರಿಗೆ ಪತ್ರ ಬರೆದ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1972ರಲ್ಲಿ 5-3ರಿಂದ ಸೋತ. 1922ರ ಆ ತೀರ್ಪು ಅಸಂಗತ ಎಂದು ನ್ಯಾಯಮೂರ್ತಿಗಳೇ ಒಪ್ಪಿಕೊಂಡು, ಆದರೂ ನಾವು ಮುಟ್ಟುವುದಿಲ್ಲ, ಸಂಸತ್ತು ನೋಡಿಕೊಳ್ಳಲಿ ಎಂದರು. ತೀರ್ಪು ಬರೆದ ಹ್ಯಾರಿ ಬ್ಲ್ಯಾಕ್‌ಮನ್ ಬೇಸ್‌ಬಾಲ್ ಭಕ್ತರು. ಮೊದಲ ಭಾಗದಲ್ಲಿ ಆಟದ ಚರಿತ್ರೆಯನ್ನು ಹೊಗಳಿ, ತಮಗಿಷ್ಟವಾದ ಎಂಬತ್ತಕ್ಕೂ ಮಿಕ್ಕಿದ ಆಟಗಾರರ ಹೆಸರುಗಳ ಪಟ್ಟಿಯನ್ನೇ ಕೊಟ್ಟರು. ಇಬ್ಬರು ನ್ಯಾಯಮೂರ್ತಿಗಳು, ತೀರ್ಪಿಗೆ ನಮ್ಮ ಸಹಿ ಇದೆ, ಈ ಭಾಗಕ್ಕೆ ಇಲ್ಲ ಎಂದು ದೂರ ನಿಂತರು. ಮೆಲ್ ಆಟ್ ಎಂಬ ಆಟಗಾರನ ಹೆಸರು ಬಿಟ್ಟುಹೋಯಿತಲ್ಲ ಎಂದು ಬ್ಲ್ಯಾಕ್‌ಮನ್ ಆಮೇಲೆ ಕೊರಗಿದರು. ಕರ್ಟ್ ಫ್ಲಡ್‌ನ ವೃತ್ತಿಜೀವನವೇ ಮುಗಿದುಹೋಗಿತ್ತು, ಇವರಿಗೆ ಮೆಲ್ ಆಟ್ ಚಿಂತೆ. ಅಭಿಮಾನಿ ಎಂಬ ಪ್ರಾಣಿಯನ್ನು ನಾನು ಚೆನ್ನಾಗಿ ಬಲ್ಲೆ, ಹಾಗಾಗಿ ಅವರ ಮೇಲೆ ಪೂರ್ತಿ ಸಿಟ್ಟೂ ಬರುವುದಿಲ್ಲ.

ಅಭಿಮಾನಿ ಎಂದ ಮೇಲೆ ಫುಟ್‌ಬಾಲಿನವರ ಇನ್ನೊಂದು ಆವಿಷ್ಕಾರವನ್ನು ಹೇಳದೆ ಹೋದರೆ ತಪ್ಪಾದೀತು. ಸೀಟಿನ ಹಕ್ಕುಪತ್ರ. ಸಾವಿರಾರು ಡಾಲರ್ ಕೊಟ್ಟು ಇದನ್ನು ಕೊಂಡರೆ ಪಂದ್ಯ ನೋಡಬಹುದು ಎಂದುಕೊಂಡಿರಾ? ಇಲ್ಲ. ಇದನ್ನು ಕೊಂಡರೆ ಟಿಕೆಟ್ ಕೊಳ್ಳುವ ಅರ್ಹತೆ ಬರುತ್ತದೆ. ಟಿಕೆಟ್‌ಗೆ ಬೇರೆ ದುಡ್ಡು. ತೆರಿಗೆ ಕಟ್ಟಿ ಕ್ರೀಡಾಂಗಣ ಎಬ್ಬಿಸಿ, ಹಕ್ಕುಪತ್ರ ಕೊಂಡು ಸೀಟು ಹಿಡಿದು, ಟಿಕೆಟ್ ಕೊಂಡು ಒಳಗೆ ಹೋಗಿ, ಬಾಯಾರಿದರೆ ನೀರನ್ನೂ ಕೊಂಡು ಕುಡಿಯಬೇಕು. ಕೂಗಾಟ ಮಾತ್ರ ಸದ್ಯಕ್ಕೆ ಉಚಿತ.

ಓಕ್ಲಂಡಿನ ಕೊನೆಯ ಬೇಸ್‌ಬಾಲ್ ಪಂದ್ಯ 2024ರ ಸೆಪ್ಟೆಂಬರ್ 26ರಂದು ಆಯಿತು. 46,889 ಜನ. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದೆವು. ಮುಗಿದ ಮೇಲೂ ಜನ ಕದಲಲಿಲ್ಲ, ಮೈದಾನದ ಮಣ್ಣನ್ನು ಲೋಟಗಳಲ್ಲಿ ತುಂಬಿಕೊಂಡು ಹೋದರು. ಮಾಲೀಕರು ಅದಕ್ಕೂ ಮುಂಚೆಯೇ ಪತ್ರ ಬರೆದು, ಓಕ್ಲಂಡಿನಲ್ಲಿ ಉಳಿಯಲು ಪ್ರಯತ್ನಿಸಿದೆವು, ಆಗಲಿಲ್ಲ, ಕ್ಷಮಿಸಿ ಎಂದಿದ್ದರು.

ಒಳಚರಂಡಿ ಉಕ್ಕಿ ಆಟಗಾರರ ಕೊಠಡಿಗೆ ನುಗ್ಗಿದ, ಕಾಮೆಂಟರಿಯವರ ಕೋಣೆಯಲ್ಲಿ ಪಾಸಮ್ ಪ್ರಾಣಿ ಬಿಡಾರ ಹೂಡಿದ ಅದೇ ಕೊಲಿಸಿಯಂನಲ್ಲಿ 2025ರ ಜೂನ್‌ನಲ್ಲಿ ಕ್ರಿಕೆಟ್ ನಡೆಯಿತು. ಆಟವಾಡಲು ಯೋಗ್ಯವಲ್ಲ ಎಂದು ಬಿಟ್ಟುಹೋದ ಜಾಗದಲ್ಲಿ ಫಿನ್ ಆಲೆನ್ 19 ಸಿಕ್ಸರ್ ಹೊಡೆದು 151 ರನ್ ಮಾಡಿದರು. ಓಕ್ಲಂಡ್ ಬಾಲರ್ಸ್ ಎಂಬ ಸ್ವತಂತ್ರ ಲೀಗಿನ ಬೇಸ್‌ಬಾಲ್ ತಂಡವೂ ಹುಟ್ಟಿದೆ. ಅದರಲ್ಲಿ ಅಭಿಮಾನಿಗಳೇ ಹಣ ಹಾಕಿದ್ದಾರೆ, 2025ರಲ್ಲಿ ಪ್ರಶಸ್ತಿಯನ್ನೂ ಗೆದ್ದಿದೆ.

ಇಷ್ಟಾದರೂ ಪಾಠ ಕಲಿತವರಿದ್ದಾರೆ ಎಂದು 2024ರ ಏಪ್ರಿಲ್‌ನಲ್ಲಿ ಖುಷಿಪಟ್ಟಿದ್ದೆ. ಮಿಸೌರಿಯ ಜಾಕ್ಸನ್ ಕೌಂಟಿಯ ಮತದಾರರು, ಫುಟ್‌ಬಾಲಿನ ಚೀಫ್ಸ್ ಮತ್ತು ಬೇಸ್‌ಬಾಲಿನ ರಾಯಲ್ಸ್ ಕ್ರೀಡಾಂಗಣಗಳಿಗೆ ಮಾರಾಟ ತೆರಿಗೆ ಮುಂದುವರಿಸುವುದು ಬೇಡ ಎಂದು ಶೇ. 58ರಷ್ಟು ಮತ ಹಾಕಿದರು. ಜೂನ್‌ನಲ್ಲಿ ಪಕ್ಕದ ಕ್ಯಾನ್ಸಸ್ ರಾಜ್ಯ, ಬನ್ನಿ, ಖರ್ಚಿನ ಶೇ. 70ರವರೆಗೆ ಬಾಂಡ್ ಹೊರಡಿಸುತ್ತೇವೆ ಎಂದು ಕಾನೂನನ್ನೇ ಮಾಡಿತು. 2025ರ ಡಿಸೆಂಬರ್‌ನಲ್ಲಿ ಚೀಫ್ಸ್ ಗಡಿ ದಾಟುವುದಾಗಿ ಘೋಷಿಸಿತು, 2031ಕ್ಕೆ ಹೊಸ ಕ್ರೀಡಾಂಗಣ. ಬೇಡವೆಂದ ಜಾಕ್ಸನ್ ಕೌಂಟಿಯವರಿಗೆ ಒಂದೇ ಸಮಾಧಾನ: ಈ ಸಲ ಬಾಂಡು ಪಕ್ಕದ ರಾಜ್ಯದವರದು. ಆದರೆ ಆ ಬಾಂಡನ್ನು ತೀರಿಸುವುದು ಕ್ರೀಡಾಂಗಣದ ಸುತ್ತಮುತ್ತಲಿನ ಮಾರಾಟ ತೆರಿಗೆಯಿಂದ. ತಮ್ಮದೇ ತಂಡವನ್ನು ನೋಡಲು ಗಡಿ ದಾಟಿ ಹೋಗಿ ಅಲ್ಲೊಂದು ಬಿಯರ್ ಕೊಂಡರೆ, ಬೇಡವೆಂದು ಮತ ಹಾಕಿದ್ದ ತೆರಿಗೆಯನ್ನು ಅಲ್ಲಿಯೇ ಕಟ್ಟಿ ಬರಬಹುದು.