ಮನೆಹೆಸರು ಯಾವ ಕಾಲಂನಲ್ಲಿ ಬರೆಯೋದು?

ನನ್ನ ಮಗಳ ಜರ್ಮನ್ ಪಾಸ್‌ಪೋರ್ಟಿನಲ್ಲಿ ಅವಳ ಕಣ್ಣಿನ ಬಣ್ಣ ಬರೆದಿದೆ. ಎತ್ತರ ಇಷ್ಟು ಸೆಂಟಿಮೀಟರ್ ಅಂತ ಇದೆ. ವಾಸ ಟ್ಯೂಬಿಂಗನ್ ಅಂತ ಇದೆ. ಅಪ್ಪ ಯಾರು, ಅಮ್ಮ ಯಾರು ಅಂತ ಹುಡುಕಿದರೂ ಸಿಗುವುದಿಲ್ಲ. ನನ್ನ ನೀಲಿ ಪಾಸ್‌ಪೋರ್ಟ್ ತೆಗೆದರೆ ಕೊನೆಯ ಪುಟದಲ್ಲಿ ಅಪ್ಪ, ಅವ್ವ, ಹೆಂಡತಿ ಸಾಲಾಗಿ ಕೂತಿದ್ದಾರೆ. ಕೆಳಗೆ ಭಾಗಮಂಡಲ ಹೋಬಳಿಯ ವಿಳಾಸ. ನನ್ನ ಕಣ್ಣು ಕಪ್ಪೋ ಕಂದೋ ಅಂತ ಭಾರತ ಸರ್ಕಾರ ಇವತ್ತಿನವರೆಗೂ ಕೇಳಿಲ್ಲ.

ಹನ್ನೊಂದು ವರ್ಷದಿಂದ ಈ ಎರಡು ಪುಸ್ತಕಗಳ ನಡುವೆ ಓಡಾಡುತ್ತಿದ್ದೇನೆ. ಹೆಂಡತಿ ಜರ್ಮನಿಯವಳು, ಮಗಳು ಹುಟ್ಟಿದ್ದು ಅಲ್ಲೇ, ಅಪ್ಪ ಅವ್ವ ಇರುವುದು ಊರಲ್ಲಿ, ತೋಟದ ಮನೆಯಲ್ಲಿ. ವೀಸಾ ಕಾಗದ ಅಂದರೆ ಎಷ್ಟು ದುಡ್ಡು, ಎಷ್ಟು ದಿನ ಅಂತ ಎಲ್ಲರೂ ಕೇಳುತ್ತಾರೆ. ನಮ್ಮನ್ನು ಅತಿ ಜಾಸ್ತಿ ಸುತ್ತಾಡಿಸಿದ್ದು ಅದು ಯಾವುದೂ ಅಲ್ಲ. ನನ್ನ ಹೆಸರು.

ನಮ್ಮದು ಅರೆಭಾಷೆ ಮನೆ, ಅಂದರೆ ಕೊಡಗಿನ ಗೌಡರು ಆಡುವ ಕನ್ನಡದ ಮನೆ. ನಮ್ಮಲ್ಲಿ ಮನೆಹೆಸರು ಮೊದಲು ಬರುತ್ತದೆ, ಕರೆಯುವ ಹೆಸರು ಆಮೇಲೆ. 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಹೆಸರನ್ನೇ ನೋಡಿ, ಮನೆ ಮುಂದೆ, ಮನುಷ್ಯ ಹಿಂದೆ. ಕೊಡವರಲ್ಲೂ ಹಾಗೆಯೇ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಅಂದರೆ ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಮನೆತನ, ಮಾದಪ್ಪ ತಂದೆ, ಕಾರ್ಯಪ್ಪ ಅವರು. ಊರಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಪಾಸ್‌ಪೋರ್ಟ್ ಅರ್ಜಿಗೆ ಹೇಳಬೇಕು. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಪೂರ್ತಿ ಬಿಡಿಸಿ ಬರೆಯಬೇಕು. ಎರಡೇ ಕಾಲಂ: ಗಿವನ್ ನೇಮ್, ಸರ್‌ನೇಮ್. ನಾನು ಮೊದಲ ಸಲ ಅರ್ಜಿ ಹಾಕಿದ್ದು ಒಂದು ಸೈಬರ್ ಸೆಂಟರಿನಲ್ಲಿ. ಹೊರಗೆ ಮಳೆ, ಒಳಗೆ ಯಾವಾಗ ಕರೆಂಟ್ ಹೋಗುತ್ತದೋ ಅನ್ನುವ ಭಯ. ಟೈಪ್ ಮಾಡುವ ಹುಡುಗ ಮಾರ್ಕ್ಸ್ ಕಾರ್ಡ್ ನೋಡಿಕೊಂಡು ಇದ್ದ ಹಾಗೇ ಇಳಿಸಿದ. ಮನೆಹೆಸರು, ಅಪ್ಪನ ಹೆಸರು ಎರಡೂ ಗಿವನ್ ನೇಮ್ ಆಯಿತು. ಕೊನೆಯಲ್ಲಿದ್ದ ನನ್ನ ಹೆಸರು ಸರ್‌ನೇಮ್ ಆಯಿತು. ನಾನೂ ನೋಡಿ ಸರಿ ಅಂದೆ. ಎಲ್ಲ ಹೆಸರೂ ಇದೆಯಲ್ಲ, ಇನ್ನೇನು ಬೇಕು?

ಮಗಳು ಹುಟ್ಟಿದಾಗ ಅದರ ಬೆಲೆ ಗೊತ್ತಾಯಿತು. ಜರ್ಮನಿಯಲ್ಲಿ ಆಗ ಮಗುವಿಗೆ ತಾಯಿಯ ಅಥವಾ ತಂದೆಯ ಕುಟುಂಬದ ಹೆಸರು ಬರಬೇಕಿತ್ತು. ನಿನ್ನದೇ ಇರಲಿ ಅಂತ ಹೆಂಡತಿ ಹೇಳಿದಳು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಇದ್ದದ್ದು ಅಜ್ಜಿ ನನ್ನನ್ನು ಊಟಕ್ಕೆ ಕೂಗುತ್ತಿದ್ದ ಹೆಸರು. ಅದೇ ಈಗ ಮಗಳ ಮನೆಹೆಸರು. ನಿಜವಾದ ಮನೆಹೆಸರು ಅವಳ ಹತ್ತಿರ ಬರಲೇ ಇಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಅವಳು ಯಾವ ಮನೆಯವಳು ಅಂತ ಜನಕ್ಕೆ ಹೇಗೆ ಗೊತ್ತಾಗೋದು?" ಅಂದರು. ಹೆಂಡತಿಗೆ ಇದನ್ನು ಅನುವಾದ ಮಾಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು: "ವಿಳಾಸ ಇದೆಯಲ್ಲ?"

ಸರಿ ಮಾಡಿಸಬಹುದಿತ್ತು. ಆದರೆ ಒಂದು ಕಡೆ ಬದಲಾಯಿಸಿದರೆ ಮದುವೆ ಪತ್ರ, ಬ್ಯಾಂಕು, ರೆಸಿಡೆನ್ಸ್ ಕಾರ್ಡ್, ಮಗಳ ಜನನ ಪತ್ರ ಎಲ್ಲದರ ಹಿಂದೆ ಹೋಗಬೇಕು. ಬಿಟ್ಟುಬಿಟ್ಟೆ. ನನ್ನ ಚಿಕ್ಕಪ್ಪನ ಮಗನದು ಇನ್ನೊಂದು ಕಥೆ. ಅವನ ಸರ್‌ನೇಮ್ ಕಾಲಂ ಖಾಲಿ. 2022ರ ನವೆಂಬರ್‌ನಿಂದ ಯುಎಇಯವರು ಒಂದೇ ಹೆಸರಿನ ಪಾಸ್‌ಪೋರ್ಟಿಗೆ ವಿಸಿಟ್ ವೀಸಾ ಕೊಡುವುದನ್ನು ನಿಲ್ಲಿಸಿದರು. ದುಬೈ ನೋಡಲು ಹೊರಟಿದ್ದವನು ಊಟಿಗೆ ಹೋಗಿಬಂದ.

ಇನ್ನು ಸ್ಪೆಲ್ಲಿಂಗ್. ನನ್ನ ಅಪ್ಪನ ಹೆಸರು ಕನ್ನಡದಲ್ಲಿ ಒಂದೇ. ಪಹಣಿಯಲ್ಲಿ, ಮದುವೆ ಕಾಗದದಲ್ಲಿ, ದೇವಸ್ಥಾನದ ರಶೀದಿಯಲ್ಲಿ ಎಲ್ಲ ಕಡೆ ಒಂದೇ. ಇಂಗ್ಲಿಷಿಗೆ ಹೋದ ಕೂಡಲೇ ಅದು ಮೂರಾಗುತ್ತದೆ. ನನ್ನ ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ವೈ, ಅವರ ಆಧಾರಿನಲ್ಲಿ ಎರಡು ವೈ, ನನ್ನ ಜನನ ಪತ್ರದಲ್ಲಿ ಐ. ನಮ್ಮ ಊರಲ್ಲಿ ಇದಕ್ಕೆ ಮದ್ದು ಗೊತ್ತಲ್ಲ, ಛಾಪಾ ಕಾಗದದ ಮೇಲೆ ಅಫಿಡವಿಟ್. ಈ ಮೂವರೂ ಒಬ್ಬನೇ ವ್ಯಕ್ತಿ ಅಂತ ನೋಟರಿ ಸೀಲು ಹಾಕಿಸಿ ಟ್ಯೂಬಿಂಗನ್ನಿಗೆ ತಂದೆ. ಮದುವೆ ನೋಂದಣಿ ಕಚೇರಿಯ ಹೆಂಗಸು ಕನ್ನಡಕ ಏರಿಸಿ ಓದಿದರು. "ನೀವು ಹೇಳುವುದು ನಿಜ ಅಂತ ನೀವೇ ಬರೆದುಕೊಟ್ಟರೆ ಅದು ಸಾಕ್ಷಿ ಹೇಗಾಗುತ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಅವರು ನಮ್ಮ ಕಾಗದವನ್ನೇ ನಂಬುವುದಿಲ್ಲ ಅನ್ನುವುದು ಆಮೇಲೆ ತಿಳಿಯಿತು. ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ಒಂದೇ ಸೀಲಿನ ಮೇಲೆ ಒಪ್ಪುವ ಹೇಗ್ ಅಪೊಸ್ಟಿಲ್ ಒಪ್ಪಂದ ಭಾರತಕ್ಕೆ 2005ರಲ್ಲಿ ಜಾರಿಗೆ ಬಂತು. ಭಾರತ ಸೇರುವುದಕ್ಕೆ ಜರ್ಮನಿ ಆಕ್ಷೇಪ ಎತ್ತಿತು. ಹಾಗಾಗಿ ನಮ್ಮ ಅಪೊಸ್ಟಿಲ್ ಸೀಲು ಮದುವೆ ಕಚೇರಿಯಲ್ಲಿ ಕೆಲಸಕ್ಕೆ ಬರಲಿಲ್ಲ. ಬದಲಿಗೆ ಜರ್ಮನ್ ಕಾನ್ಸುಲೇಟ್ ತನ್ನ ನಂಬಿಕೆಯ ವಕೀಲರ ಮೂಲಕ ಸ್ಥಳದಲ್ಲೇ ವಿಚಾರಣೆ ಮಾಡಿಸುತ್ತದೆ. ಖರ್ಚು ನಮ್ಮದು. ಜುಲೈ ತಿಂಗಳ ಮಳೆಯಲ್ಲಿ, ಬೆಂಗಳೂರಿನಿಂದ ಒಬ್ಬರು ಚಪ್ಪಲಿ ಹಾಕಿಕೊಂಡು ನಮ್ಮೂರಿಗೆ ಬಂದರಂತೆ. ಚಪ್ಪಲಿ! ಭಾಗಮಂಡಲದ ಜುಲೈಗೆ! ಇಂಬಳ, ಅಂದರೆ ಜಿಗಣೆ, ಹತ್ತದೆ ಇರುತ್ತಾ? ಪಂಚಾಯಿತಿಯಲ್ಲಿ ರಿಜಿಸ್ಟರ್ ನೋಡಿ, ಶಾಲೆಗೆ ಹೋಗಿ, ಕೊನೆಗೆ ರಸ್ತೆ ಬದಿಯ ಅಂಗಡಿಗೆ ಬಂದು, "ಇವರ ಮಗನಿಗೆ ಮದುವೆ ಆಗಿದೆಯಾ?" ಅಂತ ಕೇಳಿದರಂತೆ. ಅಂಗಡಿಯ ಅಣ್ಣ ಸುಮ್ನೆ ಇಲ್ಲ ಅನ್ನಬಹುದಿತ್ತು. "ಇಲ್ಲ ಸಾರ್. ಒಳ್ಳೆ ಹುಡುಗ. ನಿಮ್ಮ ಕಡೆ ಹುಡುಗಿ ಇದೆಯಾ?" ಅಂದನಂತೆ. ಆ ಮಾತು ಜರ್ಮನ್ ಭಾಷೆಯ ವರದಿಯಲ್ಲಿ ಏನಾಯಿತೋ ನಾನು ನೋಡಿಲ್ಲ. ಮದುವೆಗೆ ಅನುಮತಿ ಅಂತೂ ಬಂತು.

ಅಲ್ಲಿನ ಕಚೇರಿಗಳ ಬಗ್ಗೆ ಹೇಳಬೇಕು. ಮೊದಲು ಟೆರ್ಮಿನ್, ಅಂದರೆ ಅಪಾಯಿಂಟ್‌ಮೆಂಟ್. ಅದು ಸಿಗುವುದೇ ಒಂದು ಸಾಹಸ. ಆದರೆ ಏನೇನು ಕಾಗದ ಬೇಕು ಅನ್ನುವ ಪಟ್ಟಿ ಮೊದಲೇ ಕೊಡುತ್ತಾರೆ. ಪಟ್ಟಿಯಲ್ಲಿ ಇಲ್ಲದ್ದನ್ನು ಕೇಳುವುದಿಲ್ಲ. ಇರುವುದರಲ್ಲಿ ಒಂದು ಹಾಳೆ ಕಡಿಮೆ ಆದರೆ ಮುಖ ನೋಡುವುದಿಲ್ಲ, ಮನೆಗೆ ಕಳಿಸುತ್ತಾರೆ. ಊರಲ್ಲಿ ಪಟ್ಟಿ ಇರುವುದಿಲ್ಲ. ಅಥವಾ ಇರುವ ಪಟ್ಟಿಗೂ ಕೌಂಟರಿನಲ್ಲಿ ಕೇಳುವುದಕ್ಕೂ ಸಂಬಂಧ ಇರುವುದಿಲ್ಲ. ಆದರೆ ನನ್ನ ಜನನದ ದಾಖಲೆ ಸಿಗದೆ ಹೋದಾಗ ಒಬ್ಬರು ಗುಮಾಸ್ತರು, "ನೀವು ಇಂಥವರ ಮಗ ಅಲ್ವಾ?" ಅಂತ ಎರಡು ಗಂಟೆ ಕೂತು ಹಳೆಯ ರಿಜಿಸ್ಟರ್ ತಿರುವಿ ಹಾಕಿ ಹುಡುಕಿ ಕೊಟ್ಟರು.

ಹೊರದೇಶದಲ್ಲಿರುವ ನಮ್ಮವರು ಇಂಥ ಕಥೆ ಹೇಳಿ, "ನೋಡಿ, ನಮ್ಮಲ್ಲಿ ಮನುಷ್ಯತ್ವ ಇದೆ" ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ನಮ್ಮ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಅಸ್ಸಾಮಿನಿಂದ ಬಂದ ಒಂದು ಸಂಸಾರ ಇದೆ. ಅವರ ಮಗು ಹುಟ್ಟಿದ್ದು ಇಲ್ಲೇ. ಅದರ ಜನನ ಪತ್ರಕ್ಕೆ ಆ ಹುಡುಗ ನಾಲ್ಕು ದಿನದ ಕೂಲಿ ಬಿಟ್ಟು ಅಲೆದ. ಅವನನ್ನು "ಇಂಥವರ ಮಗ ಅಲ್ವಾ" ಅಂತ ಕೇಳುವವರು ಕೊಡಗಿನಲ್ಲಿ ಯಾರಿದ್ದಾರೆ? ನಾನು ಪಟ್ಟಿಯ ಕಡೆಯವನು.

ಪಾಸ್‌ಪೋರ್ಟ್ ವಿಷಯದಲ್ಲಿ ನಮ್ಮ ಕಡೆ ಸುಧಾರಿಸಿದೆ, ಅದನ್ನು ಒಪ್ಪಬೇಕು. ನನ್ನ ಕಾಲಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. 2017ರ ಜನವರಿಯಲ್ಲಿ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಕೇಂದ್ರ ಅಂತ ದೇಶದಲ್ಲಿ ಮೊದಲು ಶುರು ಮಾಡಿದ್ದು ಎರಡೇ ಕಡೆ, ಒಂದು ಗುಜರಾತಿನ ದಾಹೋದ್, ಇನ್ನೊಂದು ಮೈಸೂರು. ಅಪ್ಪ ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಮನೆಗೆ ಬಂದರು. ಅವರ ಹುಟ್ಟಿದ ದಿನ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಕೊಟ್ಟ ದಿನ. ಅವರ ಕ್ಲಾಸಿನಲ್ಲಿ ಅರ್ಧ ಜನ ಒಂದೇ ದಿನ ಹುಟ್ಟಿದವರು.

ಪಾಸ್‌ಪೋರ್ಟ್ ಬಂತು, ಜರ್ಮನಿಗೆ ಬರಲು ಷೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ, ಬೇಕಾಯಿತು. ಅಲ್ಲಿ ನೋಡಿ, ಕಾಫಿ ಬೆಳೆಗಾರನಿಗೆ ಎಂಥ ಫಜೀತಿ! ಸಂಬಳದ ಚೀಟಿ ಕೊಡಿ ಅನ್ನುತ್ತದೆ ಪಟ್ಟಿ. ಸಂಬಳ ಎಲ್ಲಿದೆ? ಆದಾಯ ತೆರಿಗೆ ರಿಟರ್ನ್ಸ್ ಕೊಡಿ. ಕಾಫಿ ಹಣ್ಣನ್ನು ಒಣಗಿಸಿ ಹಾಗೇ ಮಾರುವ ರೈತನಿಗೆ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ. ಕೊಟ್ಟೆವು. ಕಾಫಿ ಮಾರಿದ ತಿಂಗಳು ಒಂದು ದೊಡ್ಡ ಮೊತ್ತ, ಕರಿಮೆಣಸಿಗೆ ಇನ್ನೊಂದು, ಆಮೇಲೆ ವರ್ಷವಿಡೀ ಬರೀ ಇಳಿಯುವುದೇ. ಟ್ಯೂಬಿಂಗನ್ನಿನಲ್ಲಿ ತಿಂಗಳ ಕೊನೆಗೆ ಸಂಬಳ ಎಣಿಸುವವರ ಕಣ್ಣಿಗೆ ಇದು ಯಾರೋ ಸಾಲ ತಂದು ತುಂಬಿಸಿದ ಲೆಕ್ಕದಂತೆ ಕಾಣುತ್ತದೆ. ಆಸ್ತಿ ತೋರಿಸೋಣ ಅಂದರೆ ನಮ್ಮದು ಜಮ್ಮಾ ಜಾಗ, ಅಂದರೆ ತಲೆಮಾರಿನಿಂದ ಇಡೀ ಮನೆತನಕ್ಕೆ ಸೇರಿ ಬಂದ ಜಮೀನು. ಪಹಣಿಯಲ್ಲಿ ಪಟ್ಟೇದಾರ ಅಂತ ಇರುವುದು ಅಜ್ಜನ ಅಣ್ಣನ ಹೆಸರು. ಅವರು ತೀರಿಹೋಗಿ ಎಷ್ಟೋ ವರ್ಷ ಆಯಿತು. ಇಲ್ಲೂ ಮನೆಯೇ ಮುಂದೆ, ಮನುಷ್ಯ ಹಿಂದೆ. ಕೊನೆಗೆ ವಂಶವೃಕ್ಷ ಮಾಡಿಸಿ, ಕಾಫಿ ಮಾರಿದ ಬಿಲ್ಲುಗಳನ್ನೆಲ್ಲ ಸೇರಿಸಿ, ಒಂದು ಪುಟ ವಿವರಣೆ ನಾನೇ ಬರೆದೆ. ವಾಪಸ್ ಬರುತ್ತೀರಿ ಅನ್ನುವುದಕ್ಕೆ ಪುರಾವೆ ಬೇಕು ಅಂದಾಗ ಅಪ್ಪ, "ನವೆಂಬರಿಗೆ ನಾನಿಲ್ಲದಿದ್ರೆ ಹಣ್ಣು ಯಾರು ಕುಯ್ಸೋದು? ಹಾಗಂತ ಬರೆ" ಅಂದರು. ಹಾಗೇ ಬರೆದೆ.

ಇನ್ನೊಂದು ಕಾಗದ ನಾನು ಜರ್ಮನಿಯಲ್ಲಿ ಮಾಡಿಸಬೇಕಿತ್ತು. ಬರುವವರ ಊಟ, ವಸತಿ, ಆಸ್ಪತ್ರೆ ಖರ್ಚು ನನ್ನದು ಅಂತ ವಿದೇಶಿಯರ ಕಚೇರಿಯಲ್ಲಿ ಸಂಬಳದ ಚೀಟಿ ತೋರಿಸಿ ಸಹಿ ಹಾಕುವುದು. ಅದರ ಮೇಲೆ ತಲಾ 30,000 ಯೂರೋ ವಿಮೆ. ಅವ್ವನಿಗೆ ವಿಮೆ ಅರ್ಥವಾಯಿತು. ಸಹಿ ಅರ್ಥವಾಗಲಿಲ್ಲ. "ಅಪ್ಪ ಅವ್ವನಿಗೆ ಊಟ ಹಾಕ್ತೀನಿ ಅಂತ ಮಗ ಸರ್ಕಾರಕ್ಕೆ ಬರೆದುಕೊಡಬೇಕಾ?" ಅಂತ ಎಷ್ಟೋ ದಿನ ನೆಂಟರ ಹತ್ತಿರವೆಲ್ಲ ಹೇಳಿಕೊಂಡರು. ಬೆಂಗಳೂರಿನಲ್ಲಿ ಬೆರಳಚ್ಚು ಕೊಡುವಾಗ ಅವರ ಹೆಬ್ಬೆರಳು ಯಂತ್ರಕ್ಕೆ ಹಿಡಿಯಲೇ ಇಲ್ಲ. ನಲವತ್ತು ವರ್ಷ ಕಾಫಿ, ಮೆಣಸು ಬಿಡಿಸಿದ ಬೆರಳು. ಐದಾರು ಸಲ ಒತ್ತಿಸಿದ ಮೇಲೆ ಆಯಿತು.

ನಮ್ಮ ನಿಘಂಟಿನ ಕಿಟೆಲ್ 1853ರಲ್ಲಿ ಜರ್ಮನಿಯ ಕಡೆಯಿಂದ ಮಂಗಳೂರಿಗೆ ಬಂದಿಳಿದರು. ಮಡಿಕೇರಿಯಲ್ಲೂ ಇದ್ದರು. 1903ರಲ್ಲಿ ತೀರಿಕೊಂಡದ್ದು ಇದೇ ಟ್ಯೂಬಿಂಗನ್ನಿನಲ್ಲಿ. ಭಾರತದ ಒಳಗೆ ಬರಲು ಪಾಸ್‌ಪೋರ್ಟ್ ಬೇಕು ಅನ್ನುವ ಕಾನೂನು ಬಂದದ್ದು 1920ರಲ್ಲಿ. ಅಪ್ಪ ಅವ್ವನಿಗೆ ಕಿಟೆಲ್ ತೀರಿಕೊಂಡ ಊರು ತೋರಿಸಿ ಇದನ್ನು ಹೇಳಿದೆ. "ಪುಣ್ಯವಂತ" ಅಂದರು ಅಪ್ಪ.

ಆ ಕಡೆಯಿಂದ ಈ ಕಡೆಗೂ ಲೆಕ್ಕ ಇದೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದರೆ ಎರಡು ವಾರದ ಒಳಗೆ ವಿಳಾಸ ನೋಂದಾಯಿಸಬೇಕು, ಮನೆ ಮಾಲೀಕರ ಪತ್ರ ಸಮೇತ. ಇದು ಅವರ ಸ್ವಂತ ಪ್ರಜೆಗಳಿಗೂ ಉಂಟು. ನಮ್ಮಲ್ಲಿ ವಿದೇಶಿಯರನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಕೊಡಬೇಕು, ಊರಲ್ಲಿ ಅದಕ್ಕೆ ಫಾರ್ಮ್ ಸಿ ಅನ್ನುತ್ತಾರೆ. ಕೊಡಗಿನ ಹೋಂಸ್ಟೇಯವರಿಗೆ ಇದು ಬಾಯಿಪಾಠ. ಸೊಸೆ ಮೊದಲ ಸಲ ಮನೆಗೆ ಬಂದಾಗ ಅವಳಿಗೂ ಫಾರ್ಮ್ ಸಿ ಇದೆ ಅಂತ ಹೋಂಸ್ಟೇ ನಡೆಸುವ ಚಿಕ್ಕಪ್ಪ ಹೇಳಿದರು. ಅಪ್ಪ ನಂಬಲಿಲ್ಲ. "ದೀಪ ಹಿಡಿದು ಮನೆ ತುಂಬಿಸಿಕೊಂಡವಳನ್ನು ಪೊಲೀಸರಿಗೆ ವರದಿ ಮಾಡ್ಬೇಕಾ?" ಹೆಂಡತಿಗೆ ಮಾತ್ರ ಇದು ತೀರಾ ಸಹಜ ಅನ್ನಿಸಿತು. ಅವಳೇ ಕೂತು ತುಂಬಿಸಿದಳು.

ಈಗ ಅವಳಿಗೂ ಮಗಳಿಗೂ ಒಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ಇದೆ. ಮದುವೆ ನೋಂದಣಿಯಾಗಿ ಎರಡು ವರ್ಷ ಆದರೆ ಹೆಂಡತಿಗೆ ಸಿಗುತ್ತದೆ. ಊರಲ್ಲಿ ಅದನ್ನು ಎರಡನೇ ಪೌರತ್ವ ಅಂದುಕೊಂಡಿದ್ದಾರೆ. ಅಲ್ಲ. ಅದು ಜೀವನಪೂರ್ತಿ ವೀಸಾ. ಓಟು ಇಲ್ಲ. ತೋಟ ಕೊಳ್ಳುವ ಹಾಗಿಲ್ಲ. ಹೊರದೇಶದಲ್ಲಿ ನೆಲೆಸಿದ ನಾನೂ ಕೊಳ್ಳುವ ಹಾಗಿಲ್ಲ, ಪಾಸ್‌ಪೋರ್ಟ್ ನೀಲಿಯೇ ಇದ್ದರೂ. ಅದಕ್ಕೇ ಪ್ರತಿ ಮದುವೆ ಮನೆಯಲ್ಲೂ ಯಾರಾದರೊಬ್ಬರು, "ನಿಮ್ಮ ಮಗಳಿಗೆ ತೋಟ ಸಿಗಲ್ಲವಂತೆ" ಅನ್ನುತ್ತಾರೆ. ತಪ್ಪು. ಕೊಳ್ಳಲು ಆಗುವುದಿಲ್ಲ, ಹಿರಿಯರಿಂದ ಬಂದರೆ ಪಡೆಯಬಹುದು. ಮಾರುವುದಾದರೆ ಭಾರತದಲ್ಲೇ ಇರುವ ಭಾರತೀಯರಿಗೇ ಮಾರಬೇಕು.

2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವ ಒಪ್ಪುತ್ತಿದೆ. ಜೊತೆ ಕೆಲಸ ಮಾಡುವ ಟರ್ಕಿಯವನ ಹತ್ತಿರ ಈಗ ಎರಡು ಪಾಸ್‌ಪೋರ್ಟ್. ನಾನು ಜರ್ಮನ್ ಪಾಸ್‌ಪೋರ್ಟ್ ತಗೊಂಡ ದಿನವೇ ಭಾರತದ ಪೌರತ್ವ ಹೋಗುತ್ತದೆ, ನಮ್ಮ ಕಾನೂನು ಹಾಗಿದೆ. ನನ್ನ ಮಟ್ಟಿಗೆ ಅದರಲ್ಲಿ ದೊಡ್ಡ ಅನ್ಯಾಯ ಕಾಣುವುದಿಲ್ಲ. ನಾನು ಬುದ್ಧಿ ಬಂದ ಮೇಲೆ, ಸಂಬಳ ನೋಡಿ ಹೋದವನು. ಆರಿಸಿಕೋ ಅಂದರೆ ಆರಿಸಿಕೊಳ್ಳಬೇಕು. ಮಗಳ ವಿಷಯ ಬೇರೆ. ಅವಳು ಎರಡು ಮನೆಗೆ ಹುಟ್ಟಿದವಳು. ಅವಳಿಗೆ ಭಾರತದ ಪೌರತ್ವ ಬೇಕಿದ್ದರೆ ಹುಟ್ಟಿ ಒಂದು ವರ್ಷದೊಳಗೆ, ಬೇರೆ ಪಾಸ್‌ಪೋರ್ಟ್ ಇಲ್ಲ ಅಂತ ಬರೆದುಕೊಟ್ಟು, ಮ್ಯೂನಿಕ್‌ನ ನಮ್ಮ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕಿತ್ತು. ನಾವು ಜರ್ಮನ್ ಪಾಸ್‌ಪೋರ್ಟ್ ಮಾಡಿಸಿದೆವು. ಹಾಲು ಕುಡಿಯುವ ಮಗುವಿನ ಪರವಾಗಿ ನಾವೇ ಆರಿಸಿದ್ದು ಅದು. ಹದಿನೆಂಟರವರೆಗಾದರೂ ಎರಡನ್ನೂ ಇಟ್ಟುಕೊಳ್ಳಲು ಬಿಟ್ಟು, ಆಮೇಲೆ ಅವಳನ್ನೇ ಕೇಳಿದ್ದರೆ ದೇಶಕ್ಕೆ ಏನು ನಷ್ಟ ಆಗುತ್ತಿತ್ತು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಊರಲ್ಲಿ ಈಚೆಗೆ ಮಗು ಹುಟ್ಟಿದವರಿಗೆ ಒಂದು ಮಾತು ಹೇಳುತ್ತಿರುತ್ತೇನೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರ ಪಾಸ್‌ಪೋರ್ಟಿಗೆ ಹುಟ್ಟಿದ ದಿನದ ಪುರಾವೆ ಅಂದರೆ ಜನನ ಪತ್ರ ಮಾತ್ರ. ಮೇಷ್ಟ್ರ ಜೂನ್ 1 ಇನ್ನು ನಡೆಯುವುದಿಲ್ಲ. ಹಾಗಾಗಿ ತೊಟ್ಟಿಲಿಗೆ ಹಾಕುವ ದಿನವೇ ಮನೆಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಯಾವುದು ಅಂತ ಅಣ್ಣ ತಮ್ಮಂದಿರು ಕೂತು ಒಂದಾಗಿ ತೀರ್ಮಾನ ಮಾಡಿ. ಸರ್‌ನೇಮ್ ಕಾಲಂ ಬಂದಾಗ ಅದನ್ನೇ ಅಲ್ಲಿ ಬರೆಯಿರಿ.

ಈ ಉಪದೇಶವನ್ನು ಗಂಭೀರವಾಗಿ ತಗೊಂಡವರು ಒಬ್ಬರೇ. ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಪಾಸ್‌ಪೋರ್ಟ್ ರಿನೀವಲ್‌ಗೆ ಹಾಕಿದ್ದಾರಂತೆ. ಈ ಸಲ ಮನೆಹೆಸರನ್ನು ಸರ್‌ನೇಮ್ ಕಾಲಂಗೆ ತಂದು, ತಮ್ಮ ಹೆಸರನ್ನು ಆಧಾರಿನಂತೆ ಎರಡು ವೈ ಹಾಕಿ ಸರಿ ಮಾಡಿಸಿದ್ದಾರಂತೆ. ದನಿಯಲ್ಲಿ ಖುಷಿ ಇತ್ತು. ಫೋನ್ ಇಟ್ಟು ನನ್ನ ಪಾಸ್‌ಪೋರ್ಟಿನ ಕೊನೆಯ ಪುಟ ತೆಗೆದು ನೋಡಿದೆ. ತಂದೆಯ ಹೆಸರು, ಒಂದು ವೈ. ಮುಂದಿನ ವರ್ಷ ನನ್ನದೂ ರಿನೀವಲ್ ಇದೆ. ಮ್ಯೂನಿಕ್‌ಗೆ ಹೋಗುವ ಮೊದಲು ಮಡಿಕೇರಿಯಿಂದ ಒಂದು ಅಫಿಡವಿಟ್ ತರಿಸಬೇಕು.